ಕಂಬಳಿಯ ಮೇಲೆ ಕೂತ ರುಮಾಲು

ಅಜ್ಜಂಪುರದಿಂದ ನಿಮ್ಮೂರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನ್ನ ಅಜ್ಜ, ಅಂದರೆ ಅವ್ವನ ಅಪ್ಪ, “ಎರಡು ಸಲ ಎಲೆಅಡಿಕೆ ಹಾಕ್ಕಂಡ್ರೆ ಬಂತು” ಅನ್ನುತ್ತಿದ್ದ. ಗಾಡಿಯ ದಾರಿಯನ್ನು ಎಲೆಅಡಿಕೆಯಲ್ಲಿ ಅಳೆಯುವ ಆ ಮನೆಯಲ್ಲೇ ನಾನು ಹುಟ್ಟಿದ್ದು, ಬೆಳೆದದ್ದು. ಮಣ್ಣಿನ ಮಾಳಿಗೆಯ ಮನೆ. ನಡುಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಒಂದು ಗವಾಕ್ಷಿ. ಮಳೆ ಹನಿ ಉದುರಿದರೆ ಯಾರಾದರೂ ಮೇಲೆ ಓಡಿ ಅದರ ಬಾಯಿಗೆ ಮಡಕೆ ಬೋರಲು ಹಾಕಬೇಕು. ಆಗ ಹಗಲಲ್ಲೇ ಮನೆಯೆಲ್ಲ ಕತ್ತಲೆ. ಎಲ್ಲಕ್ಕಿಂತ ಒಳಗಿನದು ವಾಡೆ ಕೋಣೆ. ರಾಗಿ, ಹುರುಳಿ, ಜೋಳ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆಗಳು ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಹೆಂಗಸರು ಗುಟ್ಟು ಮಾತಾಡಬೇಕಾದರೆ ರಾಗಿ ತೆಗೆಯುವ ನೆಪದಲ್ಲಿ ಆ ಕೋಣೆಗೆ ಹೋಗುತ್ತಿದ್ದರು. ನಾನು ಅವರಿಗಿಂತ ಮೊದಲೇ ಹೋಗಿ ವಾಡೆಗಳ ಸಂದಿಯಲ್ಲಿ ಕೂತಿರುತ್ತಿದ್ದೆ. ನನಗೆ ಬರುವ ಕನ್ನಡದಲ್ಲಿ ಅರ್ಧ ಪಾಲು ಆ ಸಂದಿಯಲ್ಲಿ ಕಲಿತದ್ದು. ಯಾವ ಮಾತಿಗೆ ದನಿ ತಗ್ಗುತ್ತದೆ, ಯಾವುದಕ್ಕೆ ಸೆರಗಿನೊಳಗೆ ನಗು ಬರುತ್ತದೆ ಎಂಬುದನ್ನು ಪುಸ್ತಕ ಕಲಿಸುವುದಿಲ್ಲ. ಕೆಲವು ಮಾತುಗಳು ಅರ್ಧಕ್ಕೇ ನಿಂತುಬಿಡುತ್ತಿದ್ದವು. ನನ್ನ ಕುತೂಹಲವೆಲ್ಲ ಅಂಥವುಗಳ ಮೇಲೆ. ಅವುಗಳಲ್ಲಿ ಒಂದು ಮೊಂಬಾಸ.

ಮೊಂಬಾಸ ಅಂದರೆ ನನ್ನ ಅಪ್ಪ ಇದ್ದ ಊರು. ಅದು ಆಫ್ರಿಕಾದಲ್ಲಿದೆ, ಮಧ್ಯೆ ಒಂದು ಇಡೀ ಸಮುದ್ರವಿದೆ ಎಂಬುದೆಲ್ಲ ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ಆಗ ನಾನು ಹಾಲುಹಲ್ಲು ಉದುರುತ್ತಿದ್ದ ಹುಡುಗಿ. ಕೇಳಲು ಸಿಗುತ್ತಿದ್ದವಳು ಅಜ್ಜಿ ಒಬ್ಬಳೇ.

“ಅಜ್ಜೀ, ಮೊಂಬಾಸ ಎಲ್ಲೈತೆ?”

“ಅರಸೀಕೆರೆ ಆಚೆ ಕಣೆ.”

“ಅರಸೀಕೆರೆಯಿಂದ ಎಷ್ಟು ದೂರ?”

“ಅರಸೀಕೆರೆ ದಾಟಿದ ಮ್ಯಾಲೆ ಎಲ್ಲಾ ದೂರಾನೇ. ತಲೆ ಬಗ್ಗಿಸು, ಹೇನು ಓಡ್ತಾ ಐತೆ.”

ಅಪ್ಪನ ಊರು ಕಡೂರು ತಾಲ್ಲೂಕಿನಲ್ಲಿ, ಯಗಟಿಯ ಕಡೆಯ ಒಂದು ಬಯಲು ಹಳ್ಳಿ. ಅಣ್ಣ ತಮ್ಮ ಇಬ್ಬರೇ ಗಂಡುಮಕ್ಕಳು. ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಹೊಲ ನೋಡಿಕೊಂಡ. ತಮ್ಮ ಬೀರೂರಿನಲ್ಲಿ ರೈಲು ದಾರಿಯ ಗ್ಯಾಂಗ್ ಕೆಲಸಕ್ಕೆ ಸೇರಿದ. ಅವ್ವ ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದಾಗ ಯಾರೋ ಗುತ್ತಿಗೆದಾರ, ಸಮುದ್ರದಾಚೆಯೂ ಇದೇ ಕೆಲಸ, ಕೂಲಿ ಮಾತ್ರ ಹೆಚ್ಚು ಎಂದು ಹೇಳಿ ಒಂದು ಗುಂಪನ್ನು ಬೊಂಬಾಯಿಗೆ ಕರೆದುಕೊಂಡು ಹೋದನಂತೆ. ಅಲ್ಲಿಂದ ಹಡಗು. ನಾನು ಹುಟ್ಟಿದ ಸುದ್ದಿ ಬೀರೂರಿಗೆ ಮುಟ್ಟುವ ಹೊತ್ತಿಗೆ ಅಪ್ಪ ನೀರಿನ ಮೇಲಿದ್ದ. ಬಾಣಂತನ ಮುಗಿದ ಮೇಲೆ ತಾಯಿ ಮಗುವನ್ನು ಕರೆದೊಯ್ಯಲು ಗಂಡನ ಮನೆಯವರು ಗಾಡಿ ತರಬೇಕು. ಕರೆಯದೆ ತಾನಾಗಿ ಹೋಗುವಂತಿಲ್ಲ. ಆ ಗಾಡಿ ಬರಲೇ ಇಲ್ಲ. ಅವ್ವ ತವರಿನಲ್ಲೇ ಉಳಿದಳು. ಅಪ್ಪ ಅಲ್ಲಿಂದ ಆಗಾಗ ಕಳಿಸುತ್ತಿದ್ದ ಹಣ ದೊಡ್ಡಪ್ಪನ ಕೈ ಸೇರುತ್ತಿತ್ತು. ಅದರಲ್ಲಿ ಒಂದು ಬಾವಿ ತೋಡಿಸಿ ತೆಂಗಿನ ಸಸಿ ಇಟ್ಟಿದ್ದಾರೆ ಎಂದು ಸಂತೆಯಿಂದ ಬಂದವರು ಹೇಳುತ್ತಿದ್ದರು. ನಮಗೆ ಒಂದು ಹಿಡಿ ಕಾಳೂ ಬಂದಿರಲಿಲ್ಲ.

ಬಂದಿಲ್ಲ ಎಂದು ನಾವು ಹಸಿದಿರಲಿಲ್ಲ, ಅದನ್ನೂ ಹೇಳಬೇಕು. ಅಜ್ಜನ ಮನೆಯಲ್ಲಿ ಮುದ್ದೆಗೆ ಕೊರತೆಯಿಲ್ಲ. ಅವ್ವನ ತಮ್ಮನ ಹೆಂಡತಿ, ನನ್ನ ಅತ್ತೆ, ನಾಲಿಗೆ ಚುರುಕಿನವಳು. ಆದರೆ ಸಾರು ಬಡಿಸುವಾಗ ತನ್ನ ಮಕ್ಕಳಿಗೂ ನನಗೂ ಸೌಟನ್ನು ಒಂದೇ ಆಳಕ್ಕೆ ಇಳಿಸುತ್ತಿದ್ದಳು. ಹಾಗಿದ್ದರೂ ಅವ್ವ ಯಾಕೆ ಹಠ ಹಿಡಿದಳು ಎಂಬುದು ಕಣದಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಗೊತ್ತಾಗುತ್ತದೆ. ಸುಗ್ಗಿಯಲ್ಲಿ ರಾಗಿ ಒಕ್ಕಿ, ತೂರಿ, ರಾಶಿ ಮಾಡಿ, ಪೂಜೆಯಾದ ಮೇಲೆ ಅಜ್ಜ ಒಂದು ಅನ್ನುವ ಬದಲು “ಲಾಭ” ಎಂದು ಅಳೆಯಲು ಶುರು ಮಾಡುತ್ತಿದ್ದ. ಅದಕ್ಕೂ ಮುಂಚೆ ಮನೆಯ ಮಕ್ಕಳೆಲ್ಲ ರಾಶಿಯ ಸುತ್ತ ಬೊಗಸೆ ಒಡ್ಡಿ ನಿಲ್ಲಬೇಕು. ಅಜ್ಜ ಒಬ್ಬೊಬ್ಬರ ಬೊಗಸೆಗೂ ರಾಗಿ ಸುರಿದು, ಇದು ನಿಮ್ಮಪ್ಪ ಇಂಥವನ ಹೆಸರಿನದು ಎಂದು ಹೇಳುತ್ತಿದ್ದ. ಆ ರಾಗಿ ಕೊಟ್ಟು ನಾವು ಬುಟ್ಟಿ ಹೊತ್ತು ಬರುವ ಮುದುಕಿಯಿಂದ ಪುರಿ, ಬೆಲ್ಲ ಕೊಳ್ಳುತ್ತಿದ್ದೆವು. ಆ ವರ್ಷ ನಾನೂ ಮೊದಲ ಸಲ ಸಾಲಿನಲ್ಲಿ ನಿಂತೆ. ಅಜ್ಜನ ಕೈ ನನ್ನ ಬೊಗಸೆಯ ಮೇಲೆ ಬಂದು ನಿಂತಿತು. ರಾಗಿ ಬೀಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಜ್ಜ ಮೆಲ್ಲಗೆ ಅಂದ:

“ತಗಾ, ಇದು ನಂದೇ ಅನ್ಕೋ.”

ನನಗೇನೂ ಅನ್ನಿಸಲಿಲ್ಲ. ಪುರಿ ಬಂದರೆ ಸಾಕಾಗಿತ್ತು. ಆದರೆ ಬದಿಯಲ್ಲಿ ಉಳಿದ ಹೊಟ್ಟನ್ನು ಮೊರದಲ್ಲಿ ಕೇರುತ್ತಿದ್ದ ಅವ್ವ ಕೈ ನಿಲ್ಲಿಸಿದ್ದಳು. ಸಂಜೆ ಎಲ್ಲರೂ ಉಣ್ಣಲು ಕೂತಾಗ ಮಾತು ತೆಗೆದಳು.

“ಅಪ್ಪಯ್ಯ, ಗಾಡಿ ಕಟ್ಟು. ತರೀಕೆರೆಗೆ ಹೋಗಾಣ. ಕೂಸಿಗೆ ಅವರಪ್ಪ ಜೀವನಾಂಶ ಕೊಡ್ಲಿ ಅಂತ ಅಮಲ್ದಾರ್ರಿಗೆ ಹೇಳಾಣ.”

“ಯಾಕವ್ವಾ, ನಮ್ಮನೇಲಿ ನಿನ್ನ ಮಗಳಿಗೆ ಹಿಟ್ಟಿಗೆ ಬರ ಬಂದೈತಾ?”

“ಬಂದಿಲ್ಲ. ನಿನ್ನ ಹಿಟ್ಟು ಉಂಡೇ ಬೆಳೀತಾಳೆ. ಆದ್ರೂ ಇದು ಅವರಪ್ಪಂದು ಅಂತ ಒಂದು ಹಿಡಿನಾದ್ರೂ ಇವಳ ತಣಿಗೆಗೆ ಬೀಳ್ಬೇಕು. ಇಲ್ದಿದ್ರೆ ಇವತ್ತು ನೀನು ತಡವರಿಸಿದಂಗೆ ನಾಳೆ ಊರೆಲ್ಲ ತಡವರಿಸುತ್ತೆ.”

ಅತ್ತೆ ಒಲೆಯ ಮುಂದಿನಿಂದಲೇ ಕೇಳಿದಳು. “ಅಲ್ಲ ಅತ್ತಿಗಮ್ಮ, ಸಮುದ್ರಕ್ಕೆ ಜವಾನ್ರನ್ನ ಕಳಿಸ್ತಾರಾ ಅಮಲ್ದಾರ್ರು? ಮೀನಿಗೆ ನೋಟೀಸು ಕೊಟ್ಟು ಬರ್ತಾರೆ ಅಷ್ಟೇ.”

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ. ಆಮೇಲೆ ವಾಡೆ ಕೋಣೆಯಲ್ಲಿ ಅವಳು ಅವ್ವನಿಗೆ ಹೇಳಿದ್ದು ಸಂದಿಯಲ್ಲಿದ್ದ ನನ್ನ ಕಿವಿಗೆ ಬಿತ್ತು.

“ಹುಷಾರು ಕಣೇ. ರಾಗಿ ಕೇಳಕ್ಕೆ ಹೋಗಿ ಕೂಸನ್ನ ಕೊಟ್ಟು ಬಂದೀಯ. ಹಿಟ್ಟು ಹಾಕೋದು ನಾವಾದ್ರೆ ಕೂಸೂ ನಮ್ದು, ತಂದ್ಬಿಡು ಅಂತ ನಿನ್ನ ಗಂಡನ ಮನೆಯೋರು ಅಂದ್ರೆ ಏನ್ ಮಾಡ್ತೀಯ?”

ವಾಡೆಯ ಮುಚ್ಚಳ ಮುಚ್ಚಿದ ಸದ್ದು ಮಾತ್ರ ಕೇಳಿಸಿತು. ಅಂದಿನಿಂದ ನನ್ನ ಮನಸ್ಸು ಇಬ್ಬಗೆಯಾಯಿತು. ಅಪ್ಪ ಎಂಬ ಮನುಷ್ಯನ ಬಗ್ಗೆ ತಿಳಿಯುವ ಆಸೆ ಒಂದು ಕಡೆ. ತಿಳಿಯಲು ಹೋದರೆ ಅವ್ವನಿಂದ ನನ್ನನ್ನು ಬಿಡಿಸಿಬಿಡುತ್ತಾರೇನೋ ಎಂಬ ಅಂಜಿಕೆ ಇನ್ನೊಂದು ಕಡೆ. ಆಸೆಯೇ ಕೂದಲೆಳೆಯಷ್ಟು ಹೆಚ್ಚಿತ್ತೆಂದು ಈಗ ಒಪ್ಪಬೇಕು. ಗಾಡಿ ಕಟ್ಟಿದ ದಿನ ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ನಾನೇ.

ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ಕುರ್ಚಿಯ ಮೇಲೆ ಕೂತಿದ್ದರು. ಕುರ್ಚಿಯ ಮೇಲೆ ಕೂತ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ಕಾಲು ನೆಲದಿಂದ ಅಷ್ಟು ಮೇಲೆ ಇಟ್ಟುಕೊಂಡು ಅವರಿಗೆ ನೋಯುವುದಿಲ್ಲವೇ ಎಂದು ಯೋಚಿಸುತ್ತಿದ್ದೆ. ಒಳ್ಳೆಯವರು. ಅಜ್ಜ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವ್ವನ ಕಡೆ ತಿರುಗಿದರು.

“ಗಂಡನ ಹೆಸರು ಹೇಳಮ್ಮ.”

ಅವ್ವ ನೆಲ ನೋಡಿದಳು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವುದುಂಟೇ? ಅಮಲ್ದಾರರಿಗೂ ಅದು ಗೊತ್ತಿತ್ತು, ಮುಗುಳ್ನಕ್ಕು ನನ್ನ ಕಡೆ ನೋಡಿದರು.

“ಮಗು, ನೀನು ಹೇಳು. ನಿಮ್ಮ ತಂದೆಯ ಹೆಸರೇನು?”

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತದ್ದಲ್ಲ; ನನಗೆ ಗೊತ್ತೇ ಇರಲಿಲ್ಲ. ಅವ್ವ ಹೇಳುವಂತಿಲ್ಲ, ಉಳಿದವರು “ಅವನು” ಅನ್ನುತ್ತಿದ್ದರು, ನಾನಾಗಿ ಕೇಳಿರಲಿಲ್ಲ. ಅಜ್ಜ ಕೆಮ್ಮಿ, “ತಿಮ್ಮಪ್ಪ ಅಂತ ಬುದ್ಧಿ” ಅಂದ. ಆಗಲೇ ನನ್ನ ಅಪ್ಪನ ಹೆಸರು ನನಗೆ ತಿಳಿದದ್ದು. ತಿಮ್ಮಪ್ಪ, ತಿಮ್ಮಪ್ಪ ಎಂದು ಒಳಗೇ ಅಂದುಕೊಂಡು ನೋಡಿದೆ. ನಮ್ಮ ಊರಿನಲ್ಲಿ ಬೇಕಾದಷ್ಟು ತಿಮ್ಮಪ್ಪಂದಿರಿದ್ದರು, ಒಬ್ಬ ನಮ್ಮ ಎತ್ತಿಗೆ ಲಾಳ ಹೊಡೆಯುವವನು. ಮೊಂಬಾಸದಂಥ ಹೆಸರಿನ ಊರಿನಲ್ಲಿರುವವನಿಗೆ ಇಷ್ಟು ಸಾದಾ ಹೆಸರೇ ಎಂದು ಸ್ವಲ್ಪ ನಿರಾಸೆಯಾಯಿತು.

“ಕೊಡಬೇಕು ಅಂತ ಹುಕುಂ ಬರೆಯಬಹುದು ಯಜಮಾನರೇ,” ಅಂದರು ಅಮಲ್ದಾರರು. “ಜಾರಿ ಮಾಡೋರು ಯಾರು? ನಮ್ಮ ಜವಾನ ತಾಲ್ಲೂಕಿನ ಎಲ್ಲೆ ದಾಟೋ ಹಾಗಿಲ್ಲ. ಹಡಗು ಹತ್ತು ಅಂದರೆ ಕೆಲಸವನ್ನೇ ಬಿಟ್ಟಾನು. ಅವನ ಹೆಸರಿನಲ್ಲಿ ಜಮೀನಿನ ಖಾತೆ ಇದೆಯಾ?”

“ಇಲ್ಲ ಬುದ್ಧಿ. ಖಾತೆ ಎಲ್ಲಾ ಅವರಣ್ಣನ ಹೆಸರಲ್ಲೇ.”

“ಅಣ್ಣ ಕಡೂರು ತಾಲ್ಲೂಕಿನವನು, ಅವನ ಮೇಲೆ ದಾವೆಯೂ ಇಲ್ಲ.” ಅವರು ಲೇಖನಿಯನ್ನು ಕೆಳಗಿಟ್ಟರು. “ನಿಮ್ಮ ಕುಲದ ಪಂಚಾಯ್ತಿ ಇಲ್ಲವೇ? ನನ್ನ ಕೈ ಎಟುಕದ ಕಡೆಗೂ ಅದು ಎಟುಕೀತು.”

ಹೊರಗೆ ಬಂದಾಗ ಬಾಗಿಲಲ್ಲಿದ್ದ ಜವಾನ ಅಜ್ಜನ ಹತ್ತಿರ ಎಲೆಅಡಿಕೆ ಈಸಿಕೊಂಡು, “ಹಡಗು ಅಂದ್ರಲ್ಲ ಸ್ವಾಮೇರು, ನನ್ನ ಎದೆ ಧಸಕ್ ಅಂತು ಕಣ್ರೀ ಗೌಡ್ರೆ” ಎಂದು ಹೇಳಿಕೊಂಡ.

ಕುಲದ ಪಂಚಾಯ್ತಿ ಅಜ್ಜನಿಗೆ ಹೊಳೆದಿರಲಿಲ್ಲವೆಂದಲ್ಲ. ಅದು ಸೇರಬೇಕಾದ್ದು ಗಂಡನ ಊರಿನಲ್ಲಿ, ಅವರ ಜನರ ಮಧ್ಯೆ. ಅಲ್ಲಿಗೆ ಮೊಮ್ಮಗಳನ್ನು ಕರೆದುಕೊಂಡು ಹೋದರೆ ಅಜ್ಜಿ ಹೇಳಿದಂತೆಯೇ ಆದೀತು ಎಂಬ ಭಯವಿತ್ತು. ಈಗ ಬೇರೆ ದಾರಿ ಇರಲಿಲ್ಲ. ಹೇಳಿ ಕಳಿಸಿ, ಅವರು ಒಪ್ಪಿ, ದಿನ ಗೊತ್ತಾಗಿ, ನಾವು ಮತ್ತೆ ಗಾಡಿ ಹತ್ತಿದೆವು. ಕಡೂರಿನ ಛತ್ರದಲ್ಲಿ ಬುತ್ತಿ ಬಿಚ್ಚಿ ಉಂಡು ಮುಂದೆ ಹೊರಟಾಗ ಅಜ್ಜನಿಗೆ ನಾನು ಗಂಟುಬಿದ್ದೆ. ಅಪ್ಪ ಮೊಂಬಾಸದಲ್ಲಿದ್ದಾನೆ, ಪಂಚಾಯ್ತಿಯವರು ಯಾರ ಹತ್ತಿರ ಮಾತಾಡುತ್ತಾರೆ?

“ಅವನ ರುಮಾಲಿನ ಹತ್ರ.”

ಅಜ್ಜ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ತಮಾಷೆಯಲ್ಲ. ನಮ್ಮ ಜನರಲ್ಲಿ ರುಮಾಲು ಕೂರಿಸುವುದು ಎಂಬ ಪದ್ಧತಿ ಇತ್ತು. ಹಿಂದೆ ಎಮ್ಮೆದೊಡ್ಡಿಯ ಹುಲ್ಲುಗಾವಲಿಗೆ ಸರ್ಕಾರದ ಅಮೃತಮಹಲ್ ದನ ಮೇಯಿಸಲು ಹೋದವರು ತಿಂಗಳುಗಟ್ಟಲೆ ಊರಿಗೆ ಬರುತ್ತಿರಲಿಲ್ಲ. ಅವರ ಮೇಲೆ ವ್ಯಾಜ್ಯ ಬಂದರೆ ದನ ಬಿಟ್ಟು ಬರುವುದು ಹೇಗೆ? ತಲೆಯ ರುಮಾಲನ್ನು ಬಿಚ್ಚಿ ಕಳಿಸುತ್ತಿದ್ದರು. ಪಂಚರು ಕಂಬಳಿ ಹಾಸಿ, ಅದರ ಮೇಲೆ ಆ ರುಮಾಲು ಇಟ್ಟು, ಮನುಷ್ಯನೇ ಕೂತಿದ್ದಾನೆಂದು ತಿಳಿದು ನ್ಯಾಯ ಹೇಳುತ್ತಿದ್ದರು.

“ರುಮಾಲು ಮಾತಾಡುತ್ತಾ?”

“ಮಾತಾಡಲ್ಲ. ಅದರ ಪರವಾಗಿ ಮನೆಯೋರು ಮಾತಾಡ್ತಾರೆ. ಆದ್ರೆ ಕಂಬಳಿ ಮ್ಯಾಲೆ ಯಾರ ರುಮಾಲು ಕೂತಿತೋ, ತೀರ್ಮಾನ ಆ ತಲೆಗೇ. ತಪ್ಪಿಸ್ಕಳಂಗಿಲ್ಲ. ತಪ್ಪಿಸ್ಕಂಡೋನಿಗೆ ಆಮೇಲೆ ಯಾರೂ ಹೆಣ್ಣು ಕೊಡಲ್ಲ, ಹೆಣ ಎತ್ತಲ್ಲ.”

ನನಗೆ ಅಪ್ಪನನ್ನೇ ನೋಡಲು ಹೊರಟಷ್ಟು ಹಿಗ್ಗಾಯಿತು. ಅವ್ವ ಗಾಡಿಯ ಹಿಂದುಗಡೆ ಕೂತು ದಾರಿಯುದ್ದಕ್ಕೂ ನನ್ನ ಲಂಗದ ತುದಿ ಹಿಡಿದುಕೊಂಡಿದ್ದಳು.

ಊರ ಚಾವಡಿಯಲ್ಲಿ ಕರಿ ಕಂಬಳಿ ಹಾಸಿತ್ತು. ಪಂಚರ ಹಿರಿಯನನ್ನು ಎಲ್ಲರೂ ಯಜಮಾನಪ್ಪ ಅನ್ನುತ್ತಿದ್ದರು. ಹಲ್ಲಿಲ್ಲದ ಮುದುಕ, ಎಲೆಅಡಿಕೆಯನ್ನು ಸಣ್ಣ ಕುಟ್ಟಾಣಿಯಲ್ಲಿ ಕುಟ್ಟಿಕೊಂಡೇ ವ್ಯವಹಾರ ನಡೆಸುವವನು. ದೊಡ್ಡಪ್ಪನನ್ನು ನಾನು ನೋಡಿದ್ದು ಅವತ್ತೇ. ಎತ್ತರದ ಆಳು, ತಲೆಗೆ ಬಣ್ಣ ಹೋದ ಹಳೆಯ ರುಮಾಲು, ಕಂಕುಳಲ್ಲಿ ಮಡಿಸಿ ತಂದ ಹೊಸ ರುಮಾಲು. ಅದನ್ನು ಬಿಚ್ಚಿ, ಸುತ್ತು ಹಾಕಿ, ಕಂಬಳಿಯ ನಡುವೆ ಇಟ್ಟ. ಗಿಳಿಹಸಿರು ಬಣ್ಣ, ಅಂಗೈಯಗಲ ಜರಿ. ನೋಡಿ ನನ್ನ ಕಣ್ಣು ಅರಳಿತು. ಹೆಸರಿನಲ್ಲಿ ಆದ ನಿರಾಸೆ ರುಮಾಲಿನಲ್ಲಿ ತೀರಿತು.

“ಬಾರವ್ವಾ ಕೂಸೇ,” ಅಂದ ಯಜಮಾನಪ್ಪ. “ನಿಮ್ಮಪ್ಪ ಕೂತವ್ನೆ, ಅಡ್ಡಬೀಳು.”

ನಾನು ಕಂಬಳಿಯ ಮುಂದೆ ಬಗ್ಗಿ ಹಣೆ ಮುಟ್ಟಿಸಿದೆ. ಏಳುವಾಗ ಮೂಗಿಗೆ ಕರ್ಪೂರದ ಗುಳಿಗೆಯ ವಾಸನೆ ಬಡಿಯಿತು. ಅಪ್ಪಂದಿರ ವಾಸನೆ ಹೀಗಿರುತ್ತದೆ ಎಂದು ತಿಳಿದುಕೊಂಡೆ. ಕಂಬದ ಪಕ್ಕ ಸೆರಗು ಹೊದ್ದು ನಿಂತಿದ್ದ ಅವ್ವನನ್ನು ತಿರುಗಿ ನೋಡಿದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ರುಮಾಲನ್ನೇ ನೋಡುತ್ತಿದ್ದಳು, ಸಂತೆಯಲ್ಲಿ ಬಟ್ಟೆಯ ನೂಲು ನೋಡುವವಳ ಹಾಗೆ. ಗಂಡನ ಗುರುತು ಕಂಡು ದುಃಖ ಬಂದಿರಬೇಕು ಅಂದುಕೊಂಡೆ.

ಅಜ್ಜ ತನ್ನ ಮಾತು ಹೇಳಿದ. ಆಮೇಲೆ ದೊಡ್ಡಪ್ಪನ ಸರದಿ.

“ನಾನೇನು ಇಲ್ಲ ಅಂದ್ನಾ? ಕೂಸು ನಮ್ಮ ವಂಶದ್ದು. ಇಲ್ಲಿಗೆ ಬರ್ಲಿ, ನಮ್ಮ ಮಕ್ಕಳ ಜತೆ ಉಣ್ಲಿ, ಮದುವೆ ನಾನೇ ಮಾಡ್ತೀನಿ. ಇವತ್ತೇ ಬಿಟ್ಟು ಹೋಗ್ಲಿ. ರಾಗಿ ಮೂಟೆ ಹೇರಿ ಬೀಗರೂರಿಗೆ ಕಳಿಸೋ ಪದ್ಧತಿ ಮಾತ್ರ ನಮ್ಮಲ್ಲಿಲ್ಲ.”

ಸುತ್ತ ಕೂತವರಲ್ಲಿ ಸುಮಾರು ಜನ ಹೌದು ಎಂದು ತಲೆದೂಗಿದರು. ಇವತ್ತೇ ಎಂಬ ಮಾತು ಕೇಳಿ ನಾನು ಓಡಿಹೋಗಿ ಅವ್ವನ ಸೀರೆಯೊಳಗೆ ಸೇರಿಕೊಂಡೆ. ಯಜಮಾನಪ್ಪ ಕುಟ್ಟುವುದನ್ನು ನಿಲ್ಲಿಸಿದ.

“ಸರಿ ಕಣಪ್ಪ. ಹುಡುಗಿ ಹೆತ್ತ ಮ್ಯಾಲೆ ಬಾಣಂತಿ ಕರಕಂಡು ಬರಕ್ಕೆ ಗಾಡಿ ಕಳಿಸಿದ್ಯಾ?”

“ತಮ್ಮ ಊರಲ್ಲಿರ್ಲಿಲ್ಲ...”

“ತಮ್ಮ ಇರ್ಲಿಲ್ಲ. ಗಾಡಿ ಇತ್ತಾ?”

“ಇತ್ತು.”

“ಎತ್ತು?”

ಯಾರೋ ಹಿಂದಿನಿಂದ, “ಎತ್ತಿಗೂ ಬಾಣಂತನ ಆಗಿತ್ತೇನೋ” ಅಂದರು. ಚಾವಡಿಯೆಲ್ಲ ನಕ್ಕಿತು. ಪಂಚರು ತಲೆಗೆ ತಲೆ ಸೇರಿಸಿ ಮಾತಾಡಿಕೊಂಡರು. ಆಮೇಲೆ ಯಜಮಾನಪ್ಪ ರುಮಾಲಿನ ಕಡೆ ತಿರುಗಿ, ಎದುರಿಗೆ ಮನುಷ್ಯ ಇದ್ದಂತೆಯೇ ಹೇಳಿದ:

“ಕೇಳಪ್ಪಾ. ಕರೆಯಕ್ಕೆ ಹೋಗದ ಗಾಡಿ ಈಗ ರಾಗಿ ಹೊತ್ಕಂಡು ಹೋಗ್ಲಿ. ಕೂಸು ತಾಯಿ ಮಡಿಲಲ್ಲೇ ಇರ್ಲಿ. ಮದುವೆ ಆಗೋಗಂಟ ಸುಗ್ಗಿಗೊಂದ್ಸಲ ಅವಳ ಉಣ್ಣೋ ಪಾಲು, ತೆಂಗಿನಕಾಯಿ, ಉಡೋ ಬಟ್ಟೆ, ನೀನು ಮುಟ್ಟಿಸ್ಬೇಕು.”

ಅಜ್ಜ ಕೈ ಮುಗಿದ. ಆಶ್ಚರ್ಯವೆಂದರೆ ದೊಡ್ಡಪ್ಪನ ಮುಖದಲ್ಲಿ ಬೇಸರವೇ ಇರಲಿಲ್ಲ. ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಎದ್ದ.

“ಆಯ್ತು, ಪಂಚರ ಮಾತು ಮೀರೋದುಂಟಾ? ರುಮಾಲಿನೋನು ಬರ್ಲಿ, ಕೊಡ್ಲಿ. ನಾನ್ಯಾಕೆ ಅಡ್ಡ ಬರ್ಲಿ.”

ಅಂದರೆ, ಮೊಂಬಾಸದಿಂದ ಬಂದು ಕೊಡಲಿ ಎಂದು ಅರ್ಥ. ಅಜ್ಜ ಮುಗಿದ ಕೈ ಹಾಗೇ ನಿಂತಿತು. ಆಗ ಕಂಬದ ಹತ್ತಿರದಿಂದ ಅವ್ವನ ದನಿ ಬಂತು. ಗಂಡಸರ ಪಂಚಾಯ್ತಿಯಲ್ಲಿ ಹೆಂಗಸು ನೇರವಾಗಿ ಮಾತಾಡುವಂತಿಲ್ಲ. ಅದಕ್ಕೆ ಅವಳು ನನಗೆ ಹೇಳುವಂತೆ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಪುಟ್ಟೀ, ಯಜಮಾನಪ್ಪಾರಿಗೆ ಹೇಳು. ಆ ರುಮಾಲಿನೋರು ಇಲ್ಲೇ ನಿಂತವ್ರೆ. ಅದು ನನ್ನ ಮದುವೇಲಿ ಅಪ್ಪಯ್ಯ ಭಾವಾರಿಗೆ ಉಡುಗೊರೆ ಕೊಟ್ಟ ರುಮಾಲು. ಬೇಕಾದ್ರೆ ಭಾವ ಮನೆದೇವರ ಮ್ಯಾಲೆ ಆಣೆ ಇಟ್ಟು ತಮ್ಮಂದು ಅನ್ಲಿ, ಈಗ್ಲೇ ಗಾಡಿ ಹತ್ತೀವಿ.”

ನಾನು ಹೇಳಬೇಕಾಗಲಿಲ್ಲ. ಅಜ್ಜ ಬಗ್ಗಿ ಜರಿಯನ್ನು ಕಣ್ಣಿನ ಹತ್ತಿರ ಹಿಡಿದ. “ಅಯ್ಯೋ, ಹೌದಲ್ಲ. ಕಡೂರಿನ ಅಂಗಡೀಲಿ ನಾನೇ ಚೌಕಾಸಿ ಮಾಡಿ ತಂದದ್ದು” ಅಂದ. ಎಲ್ಲರ ಕಣ್ಣೂ ದೊಡ್ಡಪ್ಪನ ಮೇಲೆ. ಆ ಮನುಷ್ಯ ಮೋಸಗಾರನಲ್ಲ, ಅದನ್ನು ನಾನು ಅವತ್ತೂ ನೋಡಿದೆ, ಮುಂದೆಯೂ ನೋಡಿದೆ. ಆಣೆ ಇಡುವ ಮಾತು ಬಂದ ಕೂಡಲೇ ಕೂತುಬಿಟ್ಟ.

“ನಂದೇ. ತಮ್ಮಂದು ಹುಡುಕ್ದೆ. ನಮ್ಮನೆಯೋಳು ಅದನ್ನ ಹರಿದು ತುಪ್ಪ ಸೋಸಕ್ಕೆ ಮಾಡ್ಕಂಡವ್ಳೆ. ನಾಲ್ಕು ಜನ ನೋಡೋ ಕಡೆ ಚಿಂದಿ ಇಡಾದು ಹೆಂಗೆ? ಮರ್ವಾದೆ ಹೋಗುತ್ತೆ ಅಂತ ಪೆಟ್ಟಿಗೇಲಿದ್ದ ಒಳ್ಳೇದು ತಂದೆ. ಬಟ್ಟೆ ಬಟ್ಟೇನೇ ಅಲ್ವಾ?”

“ಬಟ್ಟೆ ಬಟ್ಟೇನೇ,” ಅಂದ ಯಜಮಾನಪ್ಪ, “ತಲೆ ಬ್ಯಾರೆ ಕಣಪ್ಪ. ಕೂಸು ಆಗ್ಲೇ ನಿಂಗೆ ಅಪ್ಪ ಅಂತ ಅಡ್ಡಬಿದ್ದೂ ಆಗೋಯ್ತು. ಈಗ ವಾಪಸ್ ಏಳ್ಸಕ್ಕಾಗುತ್ತಾ?”

ದೊಡ್ಡಪ್ಪ ಕಂಬಳಿಯ ಮೇಲಿನ ರುಮಾಲನ್ನು ಎತ್ತಿಕೊಂಡು ಬಹಳ ಹೊತ್ತು ಮಡಿಸುತ್ತಾ ಕೂತ. ಕೊನೆಗೆ ತಲೆಯ ಹಳೆಯದನ್ನು ತೆಗೆದು, ಆ ಹಸಿರು ರುಮಾಲನ್ನೇ ಸುತ್ತಿಕೊಂಡ. ಒಪ್ಪಿದೆ ಎಂದು ಅವನು ಬಾಯಿ ಬಿಟ್ಟು ಹೇಳಿದ ನೆನಪು ನನಗಿಲ್ಲ.

ವಾಪಸು ಬರುವಾಗ ಅಜ್ಜ ಅವ್ವನನ್ನು ಕೇಳಿದ, “ಗುರುತು ಸಿಕ್ಕಿದ ತಕ್ಷಣ ಯಾಕವ್ವಾ ಹೇಳ್ಲಿಲ್ಲ?”

“ಆಗ್ಲೇ ಹೇಳಿದ್ರೆ ಆ ತುಪ್ಪದ ಚಿಂದಿ ತಂದು ಇಡೋರು.”

ಅಜ್ಜ ಕಡೂರು ಬರುವ ತನಕ ಸುಮ್ಮಸುಮ್ಮನೆ ನಗುತ್ತಿದ್ದ. ಇಷ್ಟು ದಿನ ಗಂಡನ ಮನೆಯ ಮುಂದೆ ತಲೆಬಗ್ಗಿಸಿದವಳಿಗೆ ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡು ನಿಲ್ಲುವ ಧೈರ್ಯ ಎಲ್ಲಿಂದ ಬಂತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಮಾತಾಡುವ ಧೈರ್ಯ ನನಗೂ ಇದೆ. ಅವ್ವನ ಆ ಸುಮ್ಮನಿರುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ಸುಗ್ಗಿಗೆ ದೊಡ್ಡಪ್ಪನ ಗಾಡಿ ನಮ್ಮ ಬಾಗಿಲಿಗೆ ಬಂತು. ರಾಗಿ ಮೂಟೆಗಳು, ತೆಂಗಿನಕಾಯಿ, ನನಗೊಂದು ಕೆಂಪು ಚೌಕಳಿಯ ಲಂಗದ ಬಟ್ಟೆ. ಎಲ್ಲರೂ ಸಂಭ್ರಮದಲ್ಲಿದ್ದರೆ ನಾನು ಹೋಗಿ ವಾಡೆ ಸಂದಿ ಸೇರಿದೆ. ಕಾರಣವಿತ್ತು. ನಮ್ಮಲ್ಲಿ ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ, ಯಾರ ಗಾಡಿಯನ್ನೂ ಬರಿಗಾಡಿಯಾಗಿ ಕಳಿಸುವುದಿಲ್ಲ. ಏನಾದರೂ ಹಾಕಿಯೇ ಕಳಿಸಬೇಕು. ಇಷ್ಟು ರಾಗಿ ಇಳಿಸಿಕೊಂಡ ಮೇಲೆ ಈ ಗಾಡಿಗೆ ಏನು ಹಾಕುತ್ತಾರೆ? ಅಜ್ಜಿಯ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅತ್ತೆ ನನ್ನನ್ನು ಕೂಗುತ್ತಾ ಮನೆಯೆಲ್ಲ ಹುಡುಕಿದಳು. ನಾನು ಉಸಿರು ಬಿಗಿಹಿಡಿದೆ. ರಾಗಿ ತುಂಬಲು ಬಂದ ಅವ್ವನ ಕಾಲಿಗೆ ನನ್ನ ಕಾಲು ತಾಗಿತು.

“ಇಲ್ಲಿ ಏನು ಮಾಡ್ತಿದ್ದೀಯೇ?”

“ಗಾಡಿಗೆ ನನ್ನ ಹಾಕ್ಬೇಡ.”

ಅವ್ವ ಒಂದು ಗಳಿಗೆ ಏನೂ ಅರ್ಥವಾಗದೆ ನಿಂತಳು. ಅರ್ಥವಾದ ಮೇಲೆ ಬೈಯಲಿಲ್ಲ, ಮುದ್ದೂ ಮಾಡಲಿಲ್ಲ. ರಟ್ಟೆ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಿ, ಹಿತ್ತಲಿನ ಕುಂಬಳಕಾಯಿಗಳನ್ನು ಒಂದೊಂದಾಗಿ ನನ್ನ ಕೈಯಲ್ಲೇ ಗಾಡಿಗೆ ಹಾಕಿಸಿದಳು. ಗಾಡಿಯ ತಳ ಕಾಣದಂತಾದ ಮೇಲೆ, “ತುಂಬ್ತಾ?” ಅಂದಳು. “ತುಂಬ್ತು” ಅಂದೆ. ದೊಡ್ಡಪ್ಪ ಇದೆಲ್ಲ ಯಾಕೆಂದು ತಿಳಿಯದೆ, “ಸಾಕು ಕಣವ್ವಾ, ನಮ್ಮೂರಲ್ಲೇನು ಕುಂಬಳ ಬೆಳೆಯಲ್ವಾ” ಎಂದು ಗೊಣಗಿಕೊಂಡು ಎತ್ತು ಕಟ್ಟಿದ. ಆಮೇಲೆ ನನ್ನ ಕಡೆ ನೋಡಿ, “ಕೆರೆ ಏರಿಗಂಟ ಬರ್ತೀಯಾ?” ಅಂದ. ನಾನು ಅವ್ವನನ್ನು ನೋಡಿದೆ. ಅವಳು ನನ್ನ ಲಂಗದ ತುದಿಯನ್ನು ಹಿಡಿದುಕೊಳ್ಳಲಿಲ್ಲ.

“ಹೋಗಿ ಬಾ. ಏರಿ ಮ್ಯಾಲೆ ಇಳ್ಕೊಂಡ್ಬಿಡು.”

ಕುಂಬಳಕಾಯಿಗಳ ಮೇಲೆ ಕೂತು ಹೋಗುವಾಗ ನನಗೆ ಧೈರ್ಯ ಬಂತು. ಅಪ್ಪನ ವಿಷಯ ನೇರವಾಗಿ ಬಲ್ಲ ಒಬ್ಬ ಮನುಷ್ಯ ಕೊನೆಗೂ ಒಂಟಿಯಾಗಿ ಸಿಕ್ಕಿದ್ದ.

“ದೊಡ್ಡಪ್ಪಾ, ಅಪ್ಪ ಅಲ್ಲಿ ಏನು ಉಣ್ತಾನೆ?”

ಯಾರೂ ಅವನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಹಗ್ಗ ಸಡಿಲ ಬಿಟ್ಟು ತಿರುಗಿದ.

“ಬೀರೂರಿನೋನೊಬ್ಬ ಅಲ್ಲಿಂದ ಬಂದಿದ್ದ, ಅವನು ಹೇಳ್ದ. ಅಲ್ಲೂ ಮುದ್ದೆ ಮಾಡ್ತಾರಂತೆ ಕಣವ್ವಾ. ರಾಗೀದಲ್ಲ, ಮುಸುಕಿನ ಜೋಳದ್ದು. ಬೆಳ್ಳಗೆ ಇರುತ್ತಂತೆ.”

“ಬಿಳೀ ಮುದ್ದೆ?”

“ಸುಣ್ಣದಂಗೆ.”

ನಾನು ಬಿಳಿ ಮುದ್ದೆಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾ ಸ್ವಲ್ಪ ದೂರ ಬಂದೆ.

“ಅದನ್ನ ಅವನಿಗೆ ಯಾರು ಮಾಡ್ಕೊಡ್ತಾರೆ?”

ದೊಡ್ಡಪ್ಪ ಎತ್ತಿನ ಬಾಲ ಮುಟ್ಟಿ ಚಕ್ ಚಕ್ ಎಂದು ನಾಲಿಗೆ ಹೊಡೆದ. ಎತ್ತು ಜೋರಾಗಿ ಹೆಜ್ಜೆ ಹಾಕಿತು. ಏರಿ ಬಂದಾಗ ಅವನೇ ನನ್ನ ಕಂಕುಳಿಗೆ ಕೈ ಹಾಕಿ ಇಳಿಸಿ, “ಅವ್ವನ ಹತ್ರ ಸೀದಾ ಹೋಗು, ನೀರ ಕಡೆ ಇಳೀಬೇಡ” ಎಂದು ಹೇಳಿ ಹೊರಟುಹೋದ.

ಮನೆಗೆ ಬಂದಾಗ ಅವ್ವ ಹೊಸ ರಾಗಿಯನ್ನು ಬೀಸುತ್ತಿದ್ದಳು. ಬೀಸುಕಲ್ಲಿನ ಸದ್ದಿನ ಮಧ್ಯೆಯೇ ಕೇಳಿದಳು, “ಏನಂದ್ರು ನಿಮ್ಮ ದೊಡ್ಡಪ್ಪ?”

“ಅಪ್ಪನ ಊರಲ್ಲಿ ಬಿಳೀ ಮುದ್ದೆ ಅಂತೆ. ಜೋಳದ್ದಂತೆ. ಯಾರು ಮಾಡ್ಕೊಡ್ತಾರೆ ಅಂತ ಕೇಳ್ದೆ, ಹೇಳ್ಲಿಲ್ಲ.”

ಬೀಸುಕಲ್ಲು ನಿಂತಿತು. ಅವ್ವ ಅದರ ಬಾಯಿಗೆ ಒಂದು ಹಿಡಿ ರಾಗಿ ಹಾಕಿದಳು, ಬೀಸಲಿಲ್ಲ. ಗವಾಕ್ಷಿಯ ಬೆಳಕಿನಲ್ಲಿ ಅವಳ ಕೈಮೇಲಿನ ಹಿಟ್ಟು ಕಾಣುತ್ತಿತ್ತು. ಆಮೇಲೆ, ನನ್ನದೇ ವಯಸ್ಸಿನ ಹುಡುಗಿ ಕೇಳಿದ ಹಾಗೆ ಕೇಳಿದಳು:

“ಅದಕ್ಕೆ ಸಾರು ಏನು ಮಾಡ್ತಾರಂತೆ?”

ಅದನ್ನು ನಾನು ಕೇಳಿರಲೇ ಇಲ್ಲ. ಕೇಳಿಕೊಂಡು ಬರುತ್ತೇನೆಂದು ಕೆರೆ ಏರಿಗೆ ಮತ್ತೆ ಓಡಿದೆ. ಗಾಡಿ ಆಗಲೇ ಹೊಲಗಳ ಆಚೆ, ಕೂಗಿದರೆ ಕೇಳಿಸದಷ್ಟು ದೂರ ಹೋಗಿತ್ತು.